ಪಾಲಿಗೆ ಬಂದ ಆಡು

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವ ರಸ್ತೆಯಲ್ಲಿ ಮರದ ಮಿಲ್ಲುಗಳನ್ನು ದಾಟಿದ ಮೇಲೆ ಎಡಕ್ಕೊಂದು ಬೀದಿ ಇಳಿಯುತ್ತದೆ. ಆ ಬೀದಿಯ ಕೊನೆಯ ಶೀಟಿನ ಮನೆಯಲ್ಲಿ ಹೊದನ್ ಎಂಬ ಸೊಮಾಲಿ ಹೆಂಗಸು ತನ್ನ ಮಗಳು ಇಫ್ರಾಳ ಜೊತೆ ಇದ್ದಾಳೆ. ಬಂದ ಹೊಸದರಲ್ಲಿ ಬೀದಿಯವರು ಅವಳನ್ನು ಬರೀ ಆಫ್ರಿಕಾದವಳು ಎನ್ನುತ್ತಿದ್ದರು. ಆಫ್ರಿಕಾ ಎಂದರೆ ಪಕ್ಕದ ಹೋಬಳಿಯೋ ಎಂಬಂತೆ, ಅಲ್ಲಿ ಯಾವ ಊರು, ಯಾರ ಮಗಳು ಎಂದು ಒಬ್ಬರೂ ಕೇಳಲಿಲ್ಲ. ಆಮೇಲೆ ಸ್ವಲ್ಪ ಬಳಕೆಯಾಗಿ ಹೊದನ್ ಹೋಗಿ ಓದನಮ್ಮ ಆದಳು. ಬಾಯಿಗೆ ಹೊಂದದ ಹೆಸರನ್ನು ಬಾಯಿಗೆ ಹೊಂದುವ ಹಾಗೆ ತಿದ್ದಿಕೊಳ್ಳುವುದು ನಮ್ಮ ಕಡೆಯವರ ಹುಟ್ಟುಗುಣ. ತಿದ್ದಿದರು ಎಂದರೆ ಒಪ್ಪಿಕೊಂಡರು ಎಂದೇ ಲೆಕ್ಕ. ಮಂಗಳವಾರದ ಸಂತೆಯಲ್ಲಿ ತಲೆಯಿಂದ ಮಂಡಿಯವರೆಗೆ ಇಳಿಬಿಟ್ಟ ಶಾಲು ಹೊದ್ದ ಆ ಎತ್ತರದ ಹೆಂಗಸು, "ಸೊಪ್ಪು ಬಾಡೋಗದೆ ಕಣಣ್ಣ" ಎಂದಾಗ ಮೊದಲ ಸಲ ಸೊಪ್ಪಿನವನು ನಕ್ಕ. ಎರಡನೆಯ ಸಲ ಒಂದು ಕಟ್ಟು ಕೊಸರು ಹಾಕಿದ.

ಅವಳು ಇಲ್ಲಿಗೆ ಬಂದದ್ದು ಗಂಡನ ಹಿಂದೆ. ರಶೀದ್ ಮೈಸೂರಿನಲ್ಲಿ ಬಿ.ಕಾಂ. ಓದಲು ಬಂದಿದ್ದ. ಸೋದರಮಾವಂದಿರು, ಚಿಕ್ಕಪ್ಪಂದಿರು ಎಲ್ಲ ಕೂಡಿ ಕಳಿಸಿದ ಹುಡುಗ. ಮದುವೆಯಾಗಿ ಅವಳೂ ಬಂದಳು, ಮೈಸೂರಿನಲ್ಲೇ ಇಫ್ರಾ ಹುಟ್ಟಿದಳು. ಓದು ಮುಗಿಯುವ ಹೊತ್ತಿಗೆ ಊರಿನ ಕಡೆ ಗಲಾಟೆ ಹೆಚ್ಚಾಗಿ, ಈಗ ಬರಬೇಡಿ ಎಂದರು. ಜೊತೆಯಲ್ಲಿ ಓದಿದವನೊಬ್ಬನ ತಂದೆಗೆ ಹುಣಸೂರಿನಲ್ಲಿ ಮರದ ಡಿಪೋ ಇತ್ತು. ಅಲ್ಲಿ ಲೆಕ್ಕ ಬರೆದುಕೊಂಡಿರಲು ಒಬ್ಬ ನಂಬಿಕಸ್ಥ ಬೇಕಾಗಿದ್ದ. ಬಾಡಿಗೆಯೂ ಮೈಸೂರಿಗಿಂತ ಕಡಿಮೆ ಎಂದು ಬಂದರು. ಎರಡು ಮಳೆಗಾಲ ಕಳೆಯುವುದರೊಳಗೆ ರಶೀದನಿಗೆ ಕಾಮಾಲೆ ಬಂತು, ನಾಟಿ ಔಷಧಿ ಆಯಿತು, ದೊಡ್ಡಾಸ್ಪತ್ರೆ ಆಯಿತು, ಕೊನೆಗೆ ಹುಣಸೂರಿನ ಖಬರಸ್ತಾನದಲ್ಲಿ ಒಂದು ಮೂಲೆ ಆಯಿತು. ಆ ದಿನ ಮಣ್ಣು ಹಾಕಿದವರಲ್ಲಿ ಅವನ ಭಾಷೆ ಬಲ್ಲವರು ಒಬ್ಬರೂ ಇರಲಿಲ್ಲ.

ಆಮೇಲೆ ಕೆಲವು ಕಾಲ ನೈರೋಬಿಯಲ್ಲಿ ಅಂಗಡಿ ಇಟ್ಟಿದ್ದ ಅವಳ ಅಣ್ಣ ತಿಂಗಳಿಗಿಷ್ಟು ಕಳಿಸುತ್ತಿದ್ದ. ಅವನ ಅಂಗಡಿಗೆ ಬೆಂಕಿ ಬಿತ್ತು, ಅದೂ ನಿಂತಿತು. ಬಡವರ ಸಂಸಾರ ಒಂಟಿ ಕಂಬದ ಚಪ್ಪರ. ಕಂಬ ಎಲ್ಲೋ ದೂರದಲ್ಲಿ ಅಲುಗಿದರೆ ನೆರಳು ಇಲ್ಲಿ ಹೋಗುತ್ತದೆ. ರೇಷನ್ ಕಾರ್ಡು ಅವಳಿಗೆ ಸಿಗುವಂಥದ್ದಲ್ಲ, ಸರ್ಕಾರದ ಯಾವ ಯೋಜನೆಗೂ ಅವಳು ಸೇರಿದವಳಲ್ಲ. ಹೊಗೆಸೊಪ್ಪಿನ ಕಾಲದಲ್ಲಿ, ಬೆಂಕಿ ಹಾಕಿ ಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದಿನ ಚಪ್ಪರದಡಿ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಅಂಟಿನಿಂದ ಕೈ ಕಪ್ಪಾಗಿ, ಊಟದ ತುತ್ತೆಲ್ಲ ಕಹಿ. ಉಳಿದ ಕಾಲದಲ್ಲಿ ಮೂರು ಮೂಲೆಯ ಸಂಬೂಸ ಕರಿದು ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಕೊಡುತ್ತಿದ್ದಳು. ಇಫ್ರಾ ಕನ್ನಡ ಶಾಲೆಗೆ ಹೋಗುತ್ತಿದ್ದಳು. ಅಲ್ಲಿ ಊಟ ಸಿಗುತ್ತಿತ್ತು, ಲೋಟ ಹಾಲೂ ಸಿಗುತ್ತಿತ್ತು. ರಜೆ ಬಂದರೆ ಮಾತ್ರ ಹೊದನಳಿಗೆ ದಿಗಿಲು. ಮಕ್ಕಳಿಗೆ ರಜೆ ಎಂದರೆ ಹಬ್ಬ. ಬಡ ತಾಯಿಗೆ ಅದು ಇನ್ನೊಂದು ಹೊತ್ತಿನ ಅಡುಗೆ.

ಹೀಗೆ ಹಾಲಿಗೆ ಲೆಕ್ಕ ಹಾಕುವ ಮನೆಯಲ್ಲಿ ಅವಳು ಹುಟ್ಟಿದವಳಲ್ಲ. ಅವಳ ತಾಯಿ ದಹಬೊ ಗಾಲ್ಕಯೋ ಊರಿನಾಚೆಯ ಬಯಲಲ್ಲಿ ಒಂಟೆ, ಆಡು, ಕುರಿ ಹೊಡೆದುಕೊಂಡು ಮಳೆ ಬಿದ್ದ ಕಡೆಗೆ ಗುಡಿಸಲು ಹೊತ್ತು ನಡೆಯುತ್ತಿದ್ದ ಹೆಂಗಸು. ಆ ಬಯಲಿನ ಜನರಲ್ಲಿ ಒಂದು ಪದ್ಧತಿ ಇದೆ. ಒಬ್ಬರ ಮನೆಯಲ್ಲಿ ಹಾಲು ಬತ್ತಿ, ಮಗುವಿಗೆ ಕುಡಿಸಲು ಇಲ್ಲದಾದರೆ, ಇದ್ದವರು ಕರೆಯುವ ಆಡನ್ನೋ ಒಂಟೆಯನ್ನೋ ಅವರ ಮನೆಗೆ ಅಟ್ಟಿಬಿಡುತ್ತಾರೆ. ಹಾಲು ಇರುವಷ್ಟು ದಿನ ಕರೆದುಕೊಂಡು, ಬತ್ತಿದ ಮೇಲೆ ಮರಿಯ ಸಮೇತ ಹಿಂದಕ್ಕೆ ಕೊಡಬೇಕು. ಇದಕ್ಕೆ ಇರ್ಮಾನ್ಸಿ ಎನ್ನುತ್ತಾರೆ. ಇಂದು ಕೊಟ್ಟವರು ನಾಳೆ ಕೇಳುವವರಾಗಬಹುದು ಎಂದು ಎಲ್ಲರಿಗೂ ಗೊತ್ತಿರುವುದರಿಂದ ಅಲ್ಲಿ ಕೊಡುವ ಕೈ ಮೇಲೂ ಅಲ್ಲ, ತೆಗೆದುಕೊಳ್ಳುವ ಕೈ ಕೆಳಗೂ ಅಲ್ಲ. ದಹಬೊಳ ಮನೆಯಿಂದ ಹೀಗೆ ಹೋಗದ ಆಡಿರಲಿಲ್ಲ ಎಂದು ಹೊದನ್ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಆದರೆ ಹೊದನ್ ಇತ್ತ ಬಂದ ಮೇಲೆ ಅಲ್ಲಿ ಮಳೆ ಸಾಲಾಗಿ ಕೈಕೊಟ್ಟಿತು. ಮೊದಲು ಕುರಿ, ಆಮೇಲೆ ಆಡು, ಕೊನೆಗೆ ಒಂಟೆಗಳು ಒಂದೊಂದಾಗಿ ಮಂಡಿಯೂರಿ ಮತ್ತೆ ಏಳಲಿಲ್ಲ. ಅಕ್ಕಪಕ್ಕದವರೆಲ್ಲ ಒಟ್ಟಿಗೇ ಬರಿಗೈಯಾದಾಗ ಇರ್ಮಾನ್ಸಿ ಕೊಡುವವರು ಯಾರು, ಕೇಳುವವರು ಯಾರು? ದಹಬೊ ಊರಂಚಿನ ಶಿಬಿರಕ್ಕೆ ಬಂದು, ಕಡ್ಡಿ ಬಾಗಿಸಿ ಹಳೆಬಟ್ಟೆ ಹೊದಿಸಿದ ಗೂಡಿನಲ್ಲಿ ಕೂತಳು. ಪಕ್ಕದ ಗೂಡಿನವರ ಫೋನಿನಲ್ಲಿ ಆಗೊಮ್ಮೆ ಈಗೊಮ್ಮೆ ಮಗಳ ಹತ್ತಿರ ಮಾತಾಡುತ್ತಿದ್ದಳು. ಮಳೆ ಬಂತಾ ಎಂದು ಇವಳು ಕೇಳುವುದು, ಇಲ್ಲ, ಬಂದ ಮೇಲೆ ಹೇಳುತ್ತೇನೆ, ಆಗ ಬಾ ಎಂದು ಅವಳು ಹೇಳುವುದು. ವರ್ಷಗಟ್ಟಲೆ ಇದೇ ಮಾತು.

ಹಾಗಾಗಿ ಹೊದನ್ ಹುಣಸೂರಿನಲ್ಲಿ ನಾಳೆ ಹೊರಡುವವಳ ಹಾಗೆ ಇದ್ದಳು. ಮನೆಗೊಂದು ಮಂಚ ತರಲಿಲ್ಲ, ಒರಳುಕಲ್ಲು ತರಲಿಲ್ಲ, ಹಿತ್ತಲಲ್ಲಿ ಒಂದು ಕರಿಬೇವಿನ ಸಸಿ ನೆಡಲಿಲ್ಲ. ಇಲ್ಲಿ ಮಳೆ ಸುರಿಯುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಈ ಸುರಿಯುವುದರಲ್ಲಿ ಕಾಲುಭಾಗ ಅಲ್ಲಿ ಬಿದ್ದಿದ್ದರೆ ತಾನು ಇಷ್ಟು ಹೊತ್ತಿಗೆ ಅವ್ವನ ಪಕ್ಕ ಇರುತ್ತಿದ್ದೆ ಎಂದು ಹೊಟ್ಟೆ ಉರಿಯುತ್ತಿತ್ತು. ಅವಳಿಗೆ ಚಿನ್ನ ಬೇಡ, ಸೀರೆ ಬೇಡ. ಬೆಳಿಗ್ಗೆ ಎದ್ದು ಕೈ ಹಾಕಿದರೆ ಬೆಚ್ಚಗಿರುವ ಒಂದು ಆಡಿನ ಕೆಚ್ಚಲು ಬೇಕಿತ್ತು, ತನ್ನದೇ ಆಡಿನದು. ಆದರೆ ಆಡು ಕಟ್ಟಿದವರು ಎದ್ದು ಹೋಗುವವರಲ್ಲ. ಇಲ್ಲಿ ಒಂದು ಗೂಟ ಹೊಡೆದರೆ ಅವ್ವನ ಹತ್ತಿರ ಹೋಗುವ ದಾರಿ ತಾನೇ ಮುಚ್ಚಿದ ಹಾಗೆ ಎಂದು ಅವಳಿಗೆ ಭಯ. ಆಸೆಯೂ ಅದೇ, ಭಯವೂ ಅದೇ.

ಎದುರು ಸಾಲಿನಲ್ಲಿ ಚಿಕ್ಕಸಿದ್ದಮ್ಮನ ಮನೆ. ಅವಳಿಗೆ ಗಂಡ ಚಾಮಯ್ಯ, ಅವನ ಉಬ್ಬಸ, ಮತ್ತು ಒಂದು ಹಿಂಡು ಆಡು. ದಿನವೂ ಲಕ್ಷ್ಮಣತೀರ್ಥದ ದಡಕ್ಕೆ ಹೊಡೆದುಕೊಂಡು ಹೋಗಿ ಸಂಜೆಗೆ ಹಿಂದಿರುಗುತ್ತಿದ್ದಳು. ಬಾಯಿ ಜೋರು, ಕೈ ಧಾರಾಳ. ಅವಳ ಮನೆಯ ಹಾಲನ್ನು ಮಾತ್ರ ಆ ಬೀದಿಯಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ. ಆಡಿನ ಹಾಲು ವಾಸನೆ ಎಂದು ಒಬ್ಬರು, ಮಕ್ಕಳಿಗೆ ಕಫ ಎಂದು ಇನ್ನೊಬ್ಬರು. ನಿಜವಾದ ಕಾರಣ ಅವರ ಜಾತಿ ಎಂಬುದು ಹೇಳುವವರಿಗೂ ಗೊತ್ತು, ಕೇಳುವವಳಿಗೂ ಗೊತ್ತು. ಹೊದನ್ ಆ ಬೀದಿಗೆ ಬಂದ ವಾರದಲ್ಲೇ ಅವಳ ಜಗಲಿಯ ಮೇಲೆ ಕೂತು, ಅವಳು ಕೊಟ್ಟ ಚಹಾ ಕುಡಿದು, ಇನ್ನಷ್ಟು ಹಾಲು ಇದ್ದರೆ ಹಾಕಿ ಎಂದು ಲೋಟ ಮುಂದೆ ಚಾಚಿದಳು. ಚಿಕ್ಕಸಿದ್ದಮ್ಮ ಅದನ್ನು ಮರೆಯಲಿಲ್ಲ. ಹೊದನ್ ಅವಳನ್ನು ಸಿದ್ದಕ್ಕ ಎನ್ನತೊಡಗಿದಳು.

ರಶೀದ್ ಹೋದ ಎಷ್ಟೋ ದಿನಗಳ ಮೇಲೆ, ಒಂದು ಬೇಸಿಗೆ ರಜೆಯಲ್ಲಿ, ಇಫ್ರಾ ನೀರು ಚಹಾಕ್ಕೆ ರೊಟ್ಟಿ ಅದ್ದಿ ತಿನ್ನುತ್ತಿದ್ದುದು ಸಿದ್ದಕ್ಕನ ಕಣ್ಣಿಗೆ ಬಿತ್ತು. ಅವಳು ಅಂದು ಸಂಜೆಯೇ ಒಂದು ಕೆಂದಾಡನ್ನು ಹಗ್ಗ ಹಿಡಿದು ಎಳೆದು ತಂದಳು.

"ತಕ್ಕೋ ಓದನಮ್ಮ. ಗಬ್ಬ ಆಗದೆ. ಮೇಯ್ಸ್ಕೊ, ಈದ್ಮೇಲೆ ಹಾಲು ಕರ್ಕೊ. ಮಗೀಗಾಯ್ತದೆ."

ಅಷ್ಟೇ ಹೇಳಿ ಹೋದಳು. ನಮ್ಮ ಕಡೆ ಇದಕ್ಕಿಂತ ಹೆಚ್ಚು ಹೇಳುವುದೂ ಇಲ್ಲ. ಒಬ್ಬರ ಆಡನ್ನು ಇನ್ನೊಬ್ಬರು ಸಾಕಿದರೆ ಅದು ಪಾಲಿಗೆ ಸಾಕಿದಂತೆ. ಹಾಲು ಸಾಕಿದವರದು, ಹುಟ್ಟಿದ ಮರಿಗಳಲ್ಲಿ ಅರ್ಧ ಒಡೆಯರದು, ಅರ್ಧ ಸಾಕಿದವರದು. ಎರಡು ಹುಟ್ಟಿದರೆ ಆಳಿಗೊಂದು. ಹೀಗೆ ಪಾಲಿಗೆ ಸಾಕಿಯೇ ಎಷ್ಟೋ ಕೂಲಿ ಹೆಂಗಸರು ತಮ್ಮದೊಂದು ಹಿಂಡು ಮಾಡಿಕೊಂಡಿದ್ದಾರೆ. ಇದು ಮೂರು ವರ್ಷದ ಮಗುವಿಗೂ ಗೊತ್ತಿರುವ ಸಂಗತಿ ಎಂದು ಸಿದ್ದಕ್ಕ ತಿಳಿದಳು. ಇದು ಇರ್ಮಾನ್ಸಿ ಎಂದು ಹೊದನ್ ತಿಳಿದಳು. ಅವಳ ಬಯಲಿನಲ್ಲಿ ಅದು ಮೂರು ವರ್ಷದ ಮಗುವಿಗೆ ಗೊತ್ತಿರುವ ಸಂಗತಿ.

ಆಷಾಢದ ಜಡಿಮಳೆಯಲ್ಲಿ ಆಡು ಈಯಿತು. ಒಂದು ಹೋತಮರಿ, ಒಂದು ಹೆಣ್ಣುಮರಿ. ಹೆಣ್ಣುಮರಿಯ ಹಣೆಯಲ್ಲಿ ಬಿಳಿ ಚುಕ್ಕೆ ಇದ್ದುದರಿಂದ ಇಫ್ರಾ ಅದಕ್ಕೆ ಚುಕ್ಕಿ ಎಂದು ಹೆಸರಿಟ್ಟು, ಪುಸ್ತಕದ ಚೀಲದ ಪಕ್ಕ ಮಲಗಿಸಿಕೊಂಡಳು. ಹೊದನ್ ಮೊದಲ ದಿನ ಕರೆಯಲು ಕೂತಾಗ ಬೆರಳುಗಳಿಗೆ ಹೇಳಿಕೊಡಬೇಕಾಗಿ ಬರಲಿಲ್ಲ. ಕರೆಯುವ ಮೊದಲು ಅವಳು ಜಾಲಿಯ ಕೊಳ್ಳಿಯನ್ನು ಚೊಂಬಿನೊಳಗೆ ಆಡಿಸಿ, ಹೊಗೆ ತುಂಬಿಸಿ, ಬಟ್ಟೆಯಲ್ಲಿ ಒರೆಸಿಕೊಂಡಿದ್ದಳು. ಅವ್ವನ ಮನೆಯಲ್ಲಿ ಹಾಲಿನ ಪಾತ್ರೆಗೆ ಹೀಗೆ ಹೊಗೆ ಹಾಕದೆ ಹಾಲು ಕರೆಯುತ್ತಿರಲಿಲ್ಲ. ಇಫ್ರಾ ಕುಡಿದು, ಬ್ಯಾರನ್ ವಾಸನೆ ಬರುತ್ತೆ ಎಂದು ಮುಖ ಕಿವುಚಿದಳು. ಹೊದನ್ ಕುಡಿದು, ಚೊಂಬನ್ನು ಮಡಿಲಲ್ಲಿಟ್ಟುಕೊಂಡು, ಬಹಳ ಹೊತ್ತು ಗೋಡೆಗೆ ಒರಗಿ ಕೂತಳು. ಬಯಲು, ಗಾಳಿ, ಸಂಜೆ ಮಂದೆ ತಿರುಗುವಾಗ ಅವ್ವ ಹಾಕುತ್ತಿದ್ದ ಕೂಗು ಎಲ್ಲ ಆ ಒಂದು ಗುಟುಕಿನಲ್ಲಿ ಬಂದು ಹೋದವು. ಹೋದ ಮೇಲೆ ಮನೆ ಮೊದಲಿಗಿಂತ ಖಾಲಿ ಅನ್ನಿಸಿತು.

ಫೋನಿನಲ್ಲಿ ಅವ್ವನಿಗೆ ಹೇಳಿದಳು. ಅಲ್ಲೂ ಇರ್ಮಾನ್ಸಿ ಕೊಡುವವರು ಇದ್ದಾರೆ ಎಂದು ಕೇಳಿ ದಹಬೊಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೊಟ್ಟವಳ ಹೆಸರು ಕೇಳಿ, ಹೇಳಲು ಬಾರದೆ, ಹರಸಿದಳು. ಹಾಗೆಯೇ ಎಚ್ಚರಿಕೆಯೂ ಹೇಳಿದಳು: ಹಾಲು ಬತ್ತಿದ ಕೂಡಲೇ, ಅವರು ಕೇಳುವ ಮೊದಲೇ, ಮರಿಗಳ ಸಮೇತ ಕೊಟ್ಟುಬಿಡು. ಕೇಳಿಸಿಕೊಂಡು ಕೊಡುವವರ ಮನೆಗೆ ಎರಡನೆಯ ಸಲ ಹಾಲು ಬರುವುದಿಲ್ಲ.

ಕಾರ್ತಿಕದ ಹೊತ್ತಿಗೆ ಹಾಲು ಬತ್ತಿತು. ಹೊದನ್ ಆಡಿಗೂ ಮರಿಗಳಿಗೂ ಮೈತೊಳೆದು, ಹೊಸ ಹಗ್ಗ ಹಾಕಿ, ಒಂದು ಅಚ್ಚು ಬೆಲ್ಲ ಹಿಡಿದುಕೊಂಡು ಎದುರು ಮನೆಗೆ ಹೋದಳು. ಇಫ್ರಾ ಚುಕ್ಕಿಯ ಕತ್ತು ತಬ್ಬಿಕೊಂಡು ಅತ್ತರೂ ಬಿಡಲಿಲ್ಲ. ನಿಮ್ಮ ಋಣ ದೊಡ್ಡದು ಅಕ್ಕ, ನಿಮ್ಮ ಜೀವಗಳು ನಿಮಗೆ ಬಂದವು ಎಂದು, ತಾನು ಕಲಿತ ಕನ್ನಡದಲ್ಲೆಲ್ಲ ಒಳ್ಳೆಯದನ್ನು ಆರಿಸಿ ಹೇಳಿದಳು. ಸಿದ್ದಕ್ಕ ಆಡನ್ನು ನೋಡಿದಳು, ಎರಡು ಮರಿಗಳನ್ನೂ ನೋಡಿದಳು, ಬೆಲ್ಲವನ್ನು ನೋಡಿದಳು. ಮುಖ ಸುಣ್ಣ ಬಳಿದ ಹಾಗಾಯಿತು. ಆಯ್ತು, ಕಟ್ಬುಡು ಎಂದಷ್ಟೇ ಹೇಳಿ ಒಳಗೆ ಹೋದಳು.

ಅವಳ ಕಡೆಯಿಂದ ನೋಡಿದರೆ ತಪ್ಪೇನಿದೆ? ಪಾಲಿಗೆ ಕೊಟ್ಟ ಆಡನ್ನು ಯಾರೂ ಕೇಳದೆ ಹಿಂದಕ್ಕೆ ತಂದು ಕಟ್ಟಿ, ತಮ್ಮ ಪಾಲಿನ ಮರಿಯನ್ನೂ ಬೇಡ ಎಂದು ಎಸೆದು ಹೋದರೆ ನಮ್ಮ ಕಡೆ ಅದಕ್ಕೆ ಇರುವುದು ಒಂದೇ ಅರ್ಥ. ನಿಮ್ಮ ಮನೆಯ ವಸ್ತು ನಮಗೆ ಬೇಡ, ನಿಮ್ಮ ಸಹವಾಸವೂ ಬೇಡ. ಸಿದ್ದಕ್ಕನ ಮನೆಯ ವಸ್ತು ಹೀಗೆ ಹಿಂದಕ್ಕೆ ಬಂದದ್ದು ಮೊದಲ ಸಲವೇನಲ್ಲ. ಬೀದಿಯವರು ಹಾಗೆ ಮಾಡಿದಾಗ ಅವಳು ಉಗಿದು ಮರೆಯುತ್ತಿದ್ದಳು. ಇವಳು ಮಾಡಿದ್ದನ್ನು ಮರೆಯಲಾಗಲಿಲ್ಲ. ಎಲ್ಲೋ ಸಮುದ್ರದಾಚೆಯಿಂದ ಬಂದವಳಿಗೂ ಈ ಬೀದಿಯವರು ಕಲಿಸಿಬಿಟ್ಟರಲ್ಲ ಎಂದು ಚಾಮಯ್ಯನ ಮುಂದೆ ಗೋಳಾಡಿದಳು. ಚಾಮಯ್ಯ ಕೆಮ್ಮಿದ, ಅವನ ಅಭಿಪ್ರಾಯ ಸಾಮಾನ್ಯವಾಗಿ ಅಷ್ಟೇ. ಹೊದನಳ ಪಾಲಿಗೆಂದು ಎಣಿಸಿದ್ದ ಚುಕ್ಕಿಯನ್ನು ಕಣ್ಣೆದುರು ಇಟ್ಟುಕೊಳ್ಳಲಾರದೆ ಸಿದ್ದಕ್ಕ ಅದನ್ನು ಬೀಚನಹಳ್ಳಿಯ ತನ್ನ ತಮ್ಮನ ಮನೆಗೆ ಕಳಿಸಿಬಿಟ್ಟಳು.

ಆ ಚಳಿಗಾಲ ಹೊದನಳಿಗೆ ಕಳೆಯಲಾರದ ಕಾಲವಾಯಿತು. ಎದುರು ಜಗಲಿಯಿಂದ ಮಾತಿಲ್ಲ. ಇವಳು ನಕ್ಕರೆ ಅವಳು ಮೊರಕ್ಕೆ ಮುಖ ಹಾಕುತ್ತಿದ್ದಳು. ತಾನು ಏನಾದರೂ ಕೊರತೆ ಮಾಡಿದೆನೇ, ಆಡು ಸೊರಗಿತ್ತೇ, ಬೆಲ್ಲ ಕಡಿಮೆಯಾಯಿತೇ ಎಂದು ಹೊದನ್ ತಲೆ ಕೆಡಿಸಿಕೊಂಡಳು. ಕೇಳಲು ನಾಚಿಕೆ. ಅವ್ವ ಹೇಳಿದ್ದನ್ನು ತಪ್ಪದೆ ಮಾಡಿ ಈ ಊರಿನಲ್ಲಿದ್ದ ಒಬ್ಬ ಅಕ್ಕನನ್ನೂ ಕಳೆದುಕೊಂಡೆನಲ್ಲ ಎಂದು ದುಃಖ ಒತ್ತರಿಸಿ ಬರುತ್ತಿತ್ತು. ಮೊದಲು ಅವಳಿಗೆ ಒಂದೇ ಊರಿನ ಹಂಬಲವಿತ್ತು. ಈಗ ಎದುರು ಮನೆಯದೂ ಸೇರಿತು. ಹತ್ತು ಹೆಜ್ಜೆ ಹೋದರೆ ಸಿಗುವುದಕ್ಕೆ ಹಂಬಲಿಸುವುದು ದೂರದ ಹಂಬಲಕ್ಕಿಂತ ಕಷ್ಟ ಎಂದು ಅವಳಿಗೆ ಆಗ ಗೊತ್ತಾಯಿತು.

ಮುಂದಿನ ಹೊಗೆಸೊಪ್ಪಿನ ಕಾಲ ಬಂತು. ಬ್ಯಾರನ್ನಿನ ಚಪ್ಪರದಡಿ ಹೊದನಳ ಪಕ್ಕ ಕೂತು ಎಲೆ ಕಟ್ಟುತ್ತಿದ್ದವಳು ಶಿವರುದ್ರಮ್ಮ. ಊರ ಸುದ್ದಿಯನ್ನೆಲ್ಲ ಎಲೆಯ ಜೊತೆ ಸೇರಿಸಿ ಕಟ್ಟುವವಳು. ತನಗೆ ಪಾಲಿಗೆ ಬಂದ ಮರಿ ಈಗ ಈದಿದೆ ಎಂದು ಹೇಳುತ್ತ ಹೇಳುತ್ತ, ಇವಳ ಕಡೆ ತಿರುಗಿದಳು.

"ನೀನೇನವ್ವ, ನಿನ್ ಪಾಲಿನ ಮರೀನೂ ಸಿದ್ದಮ್ಮನ ಮೊಕಕ್ಕೆ ಎಸ್ದು ಬಂದ್ಯಂತಲ್ಲ. ಅಂಗ್ಯಾಕ್ ಮಾಡ್ದೆ? ಅವ್ಳೇನ್ ನಿಂಗೆ ಕೆಟ್ಟದ್ ಮಾಡಿದ್ಲು?"

ಹೊದನಳ ಕೈಯ ದಾರ ನಿಂತಿತು. ಯಾವ ಪಾಲು ಎಂದು ಕೇಳಿದಳು. ಶಿವರುದ್ರಮ್ಮ ಮೊದಲು ತಮಾಷೆ ಎಂದುಕೊಂಡು, ಆಮೇಲೆ ಅವಳ ಮುಖ ನೋಡಿ, ಎಳೆಎಳೆಯಾಗಿ ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ಹೊದನಳಿಗೆ ಎಲ್ಲ ಅರ್ಥವಾಯಿತು. ತನಗೆ ಕೊಟ್ಟದ್ದು ಹಾಲನ್ನಲ್ಲ, ಒಂದು ಮಂದೆಯ ಬೀಜವನ್ನು. ಅದನ್ನು ತಾನು ಮೈತೊಳೆದು, ಹಗ್ಗ ಹಾಕಿ, ಬೆಲ್ಲದ ಜೊತೆಗೆ ಹಿಂದಕ್ಕೆ ಕೊಟ್ಟು ಬಂದಿದ್ದಾಳೆ.

ಅಂಟು ಕೈಯನ್ನು ತೊಳೆಯದೆಯೇ ಅವಳು ಸಂಜೆ ಸಿದ್ದಕ್ಕನ ಮನೆಗೆ ನುಗ್ಗಿದಳು. ಸಿದ್ದಕ್ಕ ರಾಗಿ ಕೇರುತ್ತಿದ್ದಳು, ತಲೆ ಎತ್ತಲಿಲ್ಲ. ಹೊದನ್ ನೆಲದ ಮೇಲೆ ಕೂತು, ಬಯಲಿನ ಪದ್ಧತಿ, ಅವ್ವ ಹೇಳಿದ ಮಾತು, ಕೇಳುವ ಮೊದಲೇ ಕೊಡುವ ಮರ್ಯಾದೆ ಎಲ್ಲವನ್ನೂ ಅರ್ಧ ಕನ್ನಡದಲ್ಲಿ, ಅರ್ಧ ಮೈಸೂರಿನಲ್ಲಿ ಕಲಿತ ಉರ್ದುವಿನಲ್ಲಿ, ಉಳಿದದ್ದನ್ನು ಅಳುವಿನಲ್ಲಿ ಹೇಳಿದಳು. ಮೊರ ನಿಧಾನವಾಯಿತು, ನಿಂತಿತು. ಸಿದ್ದಕ್ಕನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗು ಬಂತು, ನಗು ಅರ್ಧಕ್ಕೇ ಅಳುವಾಯಿತು.

"ಅಯ್ಯೋ ಪಾಪಿ, ಅದ್ನ ಬಾಯ್ಬುಟ್ಟು ಯೋಳಾಕೇನಾಗಿತ್ತು? ನಾನು ನಮ್ ಮನೇದು ಮುಟ್ಟಾಕ್ ಆಗ್ದೆ ತಂದಾಕಿದ್ಲು ಅಂತ ಒಂದ್ ದಿನಾನೂ ಸರ್ಯಾಗಿ ಉಣ್ಲಿಲ್ಲ ಕಣೆ."

ಭಾನುವಾರ ಇಬ್ಬರೂ ಕೋಟೆಯ ಬಸ್ಸು ಹತ್ತಿದರು. ಹೆಗ್ಗಡದೇವನಕೋಟೆಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಬೀಚನಹಳ್ಳಿ ಸೇರಿದಾಗ ಮಧ್ಯಾಹ್ನ. ಕಬಿನಿ ತುಂಬಿ ಅಣೆಕಟ್ಟಿನ ಬಾಗಿಲುಗಳಿಂದ ನೀರು ಧುಮುಕುತ್ತಿತ್ತು. ಇಷ್ಟು ನೀರನ್ನು ಹೊದನ್ ಹುಟ್ಟಿದಾಗಿನಿಂದ ಒಟ್ಟಿಗೆ ಕಂಡಿರಲಿಲ್ಲ. ಸಿದ್ದಕ್ಕನ ತಮ್ಮನ ಕೊಟ್ಟಿಗೆಯ ಮುಂದೆ ಚುಕ್ಕಿ ಎತ್ತರವಾಗಿ, ಹೊಳೆಯುವ ಮೈಯಾಗಿ, ಗಬ್ಬವಾಗಿ ನಿಂತಿತ್ತು. ಆ ತಮ್ಮ ಅದರ ಹಗ್ಗ ಬಿಚ್ಚಿ ಹೊದನಳ ಕೈಗೆ ಕೊಡಲು ಬಂದ. ಹೊದನ್ ಕೈ ಚಾಚಲಿಲ್ಲ. ಆಸೆಪಟ್ಟದ್ದು ಕೈಗೆ ಬರುವ ಹೊತ್ತಿನಲ್ಲಿ ಅವಳ ಹಳೆಯ ಭಯ ಎದ್ದು ನಿಂತಿತ್ತು.

"ಇದ್ನ ಹಿಡ್ಕೊಂಡ್ರೆ ನಾನು ನಮ್ಮೂರ್ಗೆ ಓಗಾಕಾಗಲ್ಲ ಕಣಕ್ಕ."

ಸಿದ್ದಕ್ಕ ಸೊಂಟದ ಮೇಲೆ ಕೈಯಿಟ್ಟು ಅವಳನ್ನು ನೋಡಿದಳು. "ಓಗೋ ದಿನ ಬಂದ್ರೆ ನಂಗೇ ಪಾಲಿಗೆ ಕೊಟ್ಟೋಗು. ನಿನ್ ಆಡ ನಾನ್ ಸಾಕ್ತೀನಿ. ಅಲ್ಲೀಗಂಟ ನೀನ್ ಸಾಕು."

ಹೊದನ್ ಹಗ್ಗ ಹಿಡಿದಳು. ಬರುವಾಗ ಗಬ್ಬದ ಆಡನ್ನು ಯಾವ ಕಂಡಕ್ಟರೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಶುಂಠಿ ಮೂಟೆ ತುಂಬಿಕೊಂಡು ಹುಣಸೂರಿಗೆ ಹೊರಟಿದ್ದ ಒಬ್ಬ ಮಲಯಾಳಿ ಡ್ರೈವರ್ ಗಾಡಿ ನಿಲ್ಲಿಸಿದ. ಇಬ್ಬರು ಹೆಂಗಸರು, ನಡುವೆ ಆಡು, ಸುತ್ತಲೂ ಶುಂಠಿಯ ಘಾಟು. ದಾರಿಯುದ್ದಕ್ಕೂ ಸಿದ್ದಕ್ಕ ಬೈಯುತ್ತಲೇ ಇದ್ದಳು, ಒಂದು ಚಳಿಗಾಲದ ಬೈಗುಳ ಬಾಕಿ ಇತ್ತಲ್ಲ. ಹೊದನ್ ಕೇಳುತ್ತಲೇ ಇದ್ದಳು. ಬೈಸಿಕೊಳ್ಳುವುದೂ ಇಷ್ಟು ಹಿತವಾಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಚುಕ್ಕಿ ಹಿತ್ತಲಿಗೆ ಬಂದ ಕೆಲವು ದಿನಗಳಲ್ಲೇ ಅವ್ವನ ಫೋನು ಬಂತು. ಹೊದನ್ ಕೇಳುವ ಮೊದಲೇ ದಹಬೊ ಹೇಳಿದಳು.

"ಈ ಸಲ ಮಳೆ ಬಂತು ಮಗಳೇ. ಹುಲ್ಲು ಮಂಡಿಯುದ್ದ ಬೆಳೆದಿದೆ. ಮೇಯೋದಕ್ಕೆ ಒಂದು ಬಾಯಿ ಇಲ್ಲ."

ಇಷ್ಟು ವರ್ಷ ಕಾದ ಮಾತು ಅದು. ಹೊದನಳಿಗೆ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಬಾ ಎನ್ನುತ್ತಾಳೆ ಎಂದು ಕಾದಳು. ಅವ್ವ ಅನ್ನಲಿಲ್ಲ. ಆಗ ತಾನೇ, ತನ್ನ ಹತ್ತಿರ ಈಗ ಒಂದು ಆಡಿದೆ ಎಂದಳು. ಯಾರದು ಎಂದು ದಹಬೊ ಕೇಳಿದಳು. ನನ್ನದು ಎಂದು ಇವಳು ಹೇಳಿ, ಪಾಲಿನ ಕಥೆಯನ್ನೆಲ್ಲ ವಿವರಿಸಿದಳು. ಮರಿ ಹಾಕುವ ಆಡು, ಸ್ವಂತದ್ದು.  ಆಮೇಲೆ ಮುದುಕಿಯ ದನಿ ಬೇರೆಯೇ ಆಗಿ ಬಂತು. ಮಂದೆ ತಿರುಗುವ ಹೊತ್ತಿನಲ್ಲಿ ಎಲ್ಲರಿಗೂ ಕೆಲಸ ಹೇಳುತ್ತಿದ್ದವಳ ದನಿ ಅದು.

"ಕಿವಿ ಕೊಯ್ದೆಯಾ?"

ಆ ಬಯಲಿನಲ್ಲಿ ಪ್ರತಿ ಮನೆಗೂ ತನ್ನದೊಂದು ಗುರುತು. ಮಂದೆಗಳು ಬೆರೆತರೂ ಕಿವಿ ನೋಡಿದರೆ ಯಾರ ಆಡು ಎಂದು ಗೊತ್ತಾಗುತ್ತದೆ. ಇಲ್ಲ ಎಂದಳು ಹೊದನ್. ಎಡಗಿವಿ, ತುದಿ ಅಡ್ಡಕ್ಕೆ, ಕೆಳಗಡೆಯಿಂದ ಒಂದು ಸೀಳು, ಮರೆತಿಲ್ಲ ತಾನೇ ಎಂದು ದಹಬೊ ಕೇಳಿದಳು. ಆಮೇಲೆ ಅಂದಳು:

"ನನ್ನ ಮಂದೆ ಮುಗಿಯಿತು ಅಂದುಕೊಂಡಿದ್ದೆ. ಅಲ್ಲಿದೆ ಅದು. ನನ್ನನ್ನು ನೋಡಬೇಕು ಅಂತ ಅದನ್ನು ಬಿಟ್ಟು ಬರಬೇಡ, ಹೊದನ್. ಕೇಳಿಸಿತಾ? ಬರಬೇಡ."

ಫೋನು ಕಟ್ಟಾದ ಮೇಲೂ ಅವಳು ಅದನ್ನು ಕಿವಿಯಿಂದ ತೆಗೆಯಲಿಲ್ಲ.

ಮಾರನೆಯ ಬೆಳಿಗ್ಗೆ ಕೊಳ್ಳಿಗೆ ಹಿಡಿದು ಆರಿಸಿದ ಹರಿತವಾದ ಚಾಕು ತೆಗೆದುಕೊಂಡು ಹಿತ್ತಲಿಗೆ ಹೋದಳು. ಹಿಡಿದುಕೊಳ್ಳಲು ಸಿದ್ದಕ್ಕನನ್ನು ಕರೆದಳು. ಸಿದ್ದಕ್ಕ ಆಡಿನ ಮುಂಗಾಲುಗಳನ್ನು ತೊಡೆಗಳ ನಡುವೆ ಇರುಕಿಕೊಂಡು, ತಲೆ ಒತ್ತಿ ಹಿಡಿದು, ಗಬ್ಬದ ಆಡಿಗೆ ಇದೇನು ಶಿಕ್ಷೆ ಎಂದು ಗೊಣಗಿದಳು. ಇಲ್ಲಿ ಕಿವಿ ಕತ್ತರಿಸುವುದು ಹರಕೆಗೆ ಬಿಟ್ಟ ಆಡಿಗೆ ಮಾತ್ರ.

"ದ್ಯಾವ್ರಿಗೆ ಬುಡ್ತಿದ್ದೀಯೇನೆ?"

"ಇಲ್ಲಕ್ಕ. ಇದು ನಮ್ಮವ್ವನ ಗುರುತು."

ಚಾಕು ಎರಡು ಸಲ ಆಡಿತು. ಚುಕ್ಕಿ ಒದರಿತು. ಸಿದ್ದಕ್ಕ ಸೆರಗಿನ ಗಂಟಿನಿಂದ ಅರಿಶಿನ ತೆಗೆದು ಗಾಯಕ್ಕೆ ಒತ್ತಿದಳು. ಹೊದನ್ ಆ ಕಿವಿಯನ್ನು ನೋಡಿದಳು. ಅವ್ವನ ಮಂದೆಯ ಆಡು ಹುಣಸೂರಿನ ಹಿತ್ತಲಲ್ಲಿ ನಿಂತಿತ್ತು. ಅವಳು ಅದರ ಕತ್ತಿಗೆ ಮುಖವಿಟ್ಟು ದನಿ ತೆಗೆದು ಅಳತೊಡಗಿದಳು. ಮದುವೆಯಾಗಿ ವಿಮಾನ ಹತ್ತಿದ ದಿನ ಅವಳು ಅತ್ತಿರಲಿಲ್ಲ. ಓದು ಮುಗಿಸಿಕೊಂಡು ಬಂದುಬಿಡುತ್ತೇವೆ ಎಂದು ನಗುತ್ತಲೇ ಹೊರಟಿದ್ದಳು. ರಶೀದ್ ಹೋದಾಗಲೂ ಮಗುವಿನ ಮುಂದೆ ತಡೆದುಕೊಂಡಿದ್ದಳು. ಈಗ ಅವ್ವನನ್ನು ಕರೆದು ಕರೆದು, ತನ್ನ ಭಾಷೆಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ಅತ್ತಳು.

ಸಿದ್ದಕ್ಕನಿಗೆ ಆ ಭಾಷೆಯ ಒಂದು ಮಾತೂ ತಿಳಿಯದು. ಅಳು ಮಾತ್ರ ಅವಳಿಗೆ ಗೊತ್ತಿತ್ತು, ಮದುವೆಯಾದ ದಿನ ತಾನೂ ಅಂಥದ್ದೇ ಅತ್ತಿದ್ದಳು. ಅರಿಶಿನದ ಕೈಯನ್ನೇ ಹೊದನಳ ಬೆನ್ನ ಮೇಲಿಟ್ಟು, "ಅಳವ್ವ, ಅಳು. ತವ್ರು ಬುಟ್ಟ ದಿನ ಅಳ್ದೇ ಇದ್ರಾಯ್ತದಾ" ಎಂದಳು.